ಕೊತ್ತಂಬರಿ ಸೊಪ್ಪಿನ ಮೇಲೆ 360ನೇ ವಿಧಿ

ನಮ್ಮ ಸಂವಿಧಾನದಲ್ಲಿ 360ನೇ ವಿಧಿ ಅಂತ ಒಂದಿದೆ. ದೇಶದ ಹಣಕಾಸು ಹಳಿ ತಪ್ಪಿದರೆ ರಾಷ್ಟ್ರಪತಿಗಳು ಹಣಕಾಸಿನ ತುರ್ತುಪರಿಸ್ಥಿತಿ ಘೋಷಿಸಬಹುದು, ನ್ಯಾಯಾಧೀಶರ ಸಂಬಳಕ್ಕೂ ಕತ್ತರಿ ಹಾಕಬಹುದು. 1950ರಿಂದ ಇವತ್ತಿನ ತನಕ ಅದನ್ನು ಯಾರೂ ಮುಟ್ಟಿಲ್ಲ. 1991ರಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನವನ್ನು ಪರದೇಶಕ್ಕೆ ಸಾಗಿಸಿ ಅಡವಿಟ್ಟಾಗಲೂ ಮುಟ್ಟಲಿಲ್ಲ. ದೆಹಲಿಯವರಿಗೆ ಅಷ್ಟು ಸಂಯಮ. ನಮ್ಮ ಬಡಾವಣೆಗಳಲ್ಲಿ ಅದಿಲ್ಲ. ಇಲ್ಲಿ ಪ್ರತಿ ತಿಂಗಳು 5ನೇ ತಾರೀಕು ಬೆಳಿಗ್ಗೆ, ಬ್ಯಾಂಕಿನವರು ಖಾತೆಗೆ ಕೈಹಾಕಿ ಕಂತು ಎತ್ತಿಕೊಂಡ ಹತ್ತು ನಿಮಿಷಕ್ಕೆ ಸರಿಯಾಗಿ, ಮನೆಮನೆಯಲ್ಲೂ ತುರ್ತುಪರಿಸ್ಥಿತಿ.

ಘೋಷಣೆ ಹೊರಡುವ ಜಾಗ ಹಾಲ್. ಯಜಮಾನರು ಒರಗಿರುವ ಎಲ್ ಆಕಾರದ ಸೋಫಾದ್ದು ಇನ್ನೂ 7 ಕಂತು ಬಾಕಿ. ಎದುರಿಗಿರುವ 55 ಇಂಚಿನ ಟಿವಿಯದ್ದು 11. ಕೈಯಲ್ಲಿರುವ ಫೋನಿನದ್ದು ಲೆಕ್ಕ ಹಾಕಲು ಅದೇ ಫೋನನ್ನು ತೆಗೆಯಬೇಕು. ಬ್ಯಾಂಕಿನ ಸಂದೇಶವನ್ನು ಎರಡು ಸಲ ಓದಿ, ಉಸಿರು ಬಿಟ್ಟು, ಕತ್ತನ್ನು ನಿಧಾನವಾಗಿ ಅಡುಗೆಮನೆ ಕಡೆ ತಿರುಗಿಸುತ್ತಾರೆ.

"ಏನೇ, ಹೋದ ತಿಂಗಳು ದಿನಸಿಗೆ ಎಷ್ಟಾಯ್ತು?"

"ಒಂಬತ್ತು ಸಾವಿರ ರೀ."

"ಒಂಬತ್ತಾ! ಅಂಥದ್ದೇನು ತಿಂತೀವೇ ನಾವು?"

"ಊಟ."

ಮುಂದಿನ ತಿಂಗಳಿಂದ ಅದು ಆರಕ್ಕೆ ಇಳಿಯಬೇಕು ಎಂದು ಅಲ್ಲೇ ಆದೇಶ ಆಗುತ್ತದೆ. ಚರ್ಚೆ ಇಲ್ಲ, ಮತದಾನ ಇಲ್ಲ. ಸಾಲ ಹುಟ್ಟಿದ್ದು ಹಾಲ್‌ನಲ್ಲಿ, ತೀರಬೇಕಾದದ್ದು ಅಡುಗೆಮನೆಯಲ್ಲಿ.

ಕತ್ತರಿ ಯಾವಾಗಲೂ ಅಡುಗೆಮನೆಯ ಮೇಲೇ ಯಾಕೆ ಬೀಳುತ್ತದೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ, ಬ್ಯಾಂಕ್ ಪಾಸ್‌ಬುಕ್ ಸಾಕು. ಮನೆ ಸಾಲದ ಕಂತು ಆಟೋ ಡೆಬಿಟ್. ಕಾರಿನದ್ದು ಆಟೋ ಡೆಬಿಟ್. ಮ್ಯೂಚುವಲ್ ಫಂಡಿನ ಎಸ್‌ಐಪಿ, ವಿಮೆ, ಮೂರು ಓಟಿಟಿ, ಹೋಗದೇ ಇರುವ ಜಿಮ್ಮು, ಎಲ್ಲಕ್ಕೂ ಯಜಮಾನರೇ ಒಂದು ಕಾಲದಲ್ಲಿ ಓಟಿಪಿ ಹೊಡೆದು ಅಪ್ಪಣೆ ಕೊಟ್ಟಾಗಿದೆ. ಅವು ಹಣ ತೆಗೆದುಕೊಳ್ಳುವಾಗ ಬಾಗಿಲು ತಟ್ಟುವುದಿಲ್ಲ. ಇಡೀ ಸಂಸಾರದಲ್ಲಿ ಇನ್ನೂ ಕೈಯಾರೆ ಕೊಡುವ ಖರ್ಚು ಅಂತ ಉಳಿದಿರುವುದು ದಿನಸಿ, ತರಕಾರಿ, ಹಾಲು. ಕೇಳಿ ಪಡೆಯುವವರಿಗೆ ಮಾತ್ರ ಇಲ್ಲ ಅನ್ನಲು ಸಾಧ್ಯ.

ಇನ್ನೊಂದು ಕಾರಣವೂ ಇದೆ. ಕಂತು ತಪ್ಪಿದರೆ ಬ್ಯಾಂಕು ಫೋನ್ ಮಾಡುತ್ತದೆ, ದಂಡ ಹಾಕುತ್ತದೆ, ಸಿಬಿಲ್ ಅಂಕ ಇಳಿಸುತ್ತದೆ. 300ರಿಂದ 900ರ ನಡುವಿನ ಆ ಮೂರಂಕಿಗೆ ಈಗ ಜಾತಕಕ್ಕಿಂತ ಹೆಚ್ಚಿನ ಬೆಲೆ. ಗಂಡು ನೋಡುವಾಗ ಗೋತ್ರ ಕೇಳಿದ ಮೇಲೆ ಅದನ್ನೂ ಕೇಳುವ ಕಾಲ ದೂರ ಇಲ್ಲ. ಹೊಟ್ಟೆಗೆ ಸಿಬಿಲ್ ಇಲ್ಲ. ಸಾರಿನಿಂದ ಬೇಳೆ ಕಾಣೆಯಾದರೆ ಯಾವ ವಸೂಲಿ ಏಜೆಂಟನೂ ಮನೆ ಮುಂದೆ ಬಂದು ನಿಲ್ಲುವುದಿಲ್ಲ.

ಹೀಗೆ ಶುರುವಾಗುವ ಕಡಿತಕ್ಕೆ ಒಂದು ಕ್ರಮ ಇದೆ. ಮೊದಲ ಬಲಿ ಕೊತ್ತಂಬರಿ ಸೊಪ್ಪು. ಅದಕ್ಕೆ ತೂಕ ಇಲ್ಲ, ದನಿ ಇಲ್ಲ, ಅದಿಲ್ಲದೆಯೂ ಸಾರು ಸಾರೇ ಎಂಬ ವಾದ ಮಂಡಿಸಲು ಸುಲಭ. ಆಮೇಲೆ ಕರಿಬೇವು, ಅದು ಪಕ್ಕದ ಮನೆಯ ಗಿಡದಿಂದ ಬರತೊಡಗುತ್ತದೆ. ಮೂರನೆಯ ವಾರಕ್ಕೆ ಪಕ್ಕದ ಮನೆಯವರು ಗಿಡದ ಸುತ್ತ ಜಾಲರಿ ಹಾಕಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಜಾಗಕ್ಕೆ ಯಾವುದೋ ಊರಿನ ಖಾರದ ಪುಡಿ ಬಂದು ಬಣ್ಣ ಹೋಗಿ ಉರಿ ಉಳಿಯುತ್ತದೆ. ತೆಂಗಿನಕಾಯಿ ಚಟ್ನಿ ಹೋಗಿ ಶೇಂಗಾ ಚಟ್ನಿ, ಶೇಂಗಾ ಹೋಗಿ ಹುರಿಗಡಲೆ ಚಟ್ನಿ, ಕೊನೆಗೆ ದೋಸೆಗೆ ಚಟ್ನಿಪುಡಿ, ಅದೂ ಎಣ್ಣೆ ಇಲ್ಲದೆ. ಬೇಳೆ ಹಾಕಿದ ಸಾರು ವಾರಕ್ಕೆರಡು ದಿನ ಗೊಡ್ಡು ಸಾರಾಗಿ, ಆಮೇಲೆ ಐದು ದಿನವಾಗಿ, ಯಜಮಾನರು ಅದನ್ನು 'ಲೈಟ್ ಆಗಿದೆ, ಹೊಟ್ಟೆಗೆ ಒಳ್ಳೇದು' ಎಂದು ಸಮರ್ಥಿಸುತ್ತಾರೆ. ಎಲ್ಲ ಕಡಿತಗಳೂ ಆರೋಗ್ಯದ ಹೆಸರಿನಲ್ಲೇ ಜಾರಿಯಾಗುವುದು.

ಹಾಲಿನ ಕತೆ ಸ್ವಲ್ಪ ಬೇರೆ. ಅಲ್ಲಿ ಕತ್ತರಿ ಎರಡೂ ಕಡೆಯಿಂದ ಬಂತು. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿನ ಬೆಲೆ 2 ರೂಪಾಯಿ ಏರಿತು, ಅದರ ಜೊತೆ 50 ಮಿಲಿ ಹಾಲೂ ಏರಿತು. ಇದು ಏರಿಕೆ ಅಲ್ಲವೇ ಅಲ್ಲ ಎಂದು ಸರ್ಕಾರದವರು ವಿವರಿಸಿದರು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು, ಆ 50 ಮಿಲಿ ವಾಪಸ್ ಹೋಯಿತು. ಹೋದ 50 ಮಿಲಿಯನ್ನು ಈಗ ಅಡುಗೆಮನೆಯ ನಲ್ಲಿ ಕೊಡುತ್ತಿದೆ. ಮನೆಯ ಎಲ್ಲ ಕಪ್ಪುಗಳಲ್ಲೂ ಕಾಫಿಯ ಮಟ್ಟ ಮೊದಲಿನಷ್ಟೇ ಇರುವುದರಿಂದ ಯಜಮಾನರ ಕಡತದಲ್ಲಿ ಇದು ಯಶಸ್ವಿ ಯೋಜನೆ.

ಅಕ್ಕಿಯಲ್ಲಿ ಮಾತ್ರ ಇಡೀ ನಾಡೇ ಯಜಮಾನರ ಬುದ್ಧಿಮತ್ತೆಯ ಮಟ್ಟಕ್ಕೆ ಏರಿದೆ. 2022ರ ಜುಲೈನಲ್ಲಿ ಚೀಟಿ ಅಂಟಿಸಿದ 25 ಕೆಜಿವರೆಗಿನ ಅಕ್ಕಿ, ಹಿಟ್ಟಿನ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂತು. ಅದಕ್ಕೂ ದೊಡ್ಡ ಚೀಲಕ್ಕೆ ಇಲ್ಲ. ನೋಡನೋಡುತ್ತಿದ್ದಂತೆ ಸೋನಾ ಮಸೂರಿ 26 ಕೆಜಿ ಚೀಲದಲ್ಲಿ ಬಂದು ಕೂತಿತು. ದೆಹಲಿಯ ಮಂಡಳಿ ಕೂತು ಯೋಚಿಸಿದ ತೆರಿಗೆಯನ್ನು ಒಂದೇ ಒಂದು ಕೆಜಿ ಅಕ್ಕಿ ಸೋಲಿಸಿತು. ಆ ಚೀಲವನ್ನು ಲಿಫ್ಟ್ ಕೆಟ್ಟ ದಿನವೇ ನಾಲ್ಕನೇ ಮಹಡಿಗೆ ಹೊತ್ತು ತಂದ ಯಜಮಾನರು ಸೊಂಟ ಹಿಡಿದುಕೊಂಡು ಫಿಸಿಯೋಥೆರಪಿಗೆ ಹೋಗಿದ್ದು ನಿಜ. ಆ ಬಿಲ್ಲು ದಿನಸಿ ಖಾತೆಗೆ ಬರುವುದಿಲ್ಲ. ವೈದ್ಯಕೀಯ.

ಖಾತೆ ಬದಲಾವಣೆ ಈ ಇಡೀ ಆಡಳಿತದ ಜೀವಾಳ. ಶೆಟ್ಟರ ಅಂಗಡಿಯಲ್ಲಿ ಕೆಜಿಗೆ 4 ರೂಪಾಯಿ ಜಾಸ್ತಿ ಅಂತ ಭಾನುವಾರ ಇಡೀ ಸಂಸಾರ ಕಾರಿನಲ್ಲಿ ಊರಾಚೆಯ ದೊಡ್ಡ ಮಾರಾಟ ಮಳಿಗೆಗೆ ಹೋಗುತ್ತದೆ. ಪೆಟ್ರೋಲು, ಅದು ಸಾರಿಗೆ. ಒಳಗೆ ಹೋದ ಮೇಲೆ ಒಂದಕ್ಕೊಂದು ಉಚಿತ ಎಂದು ನೆಲ ಒರೆಸುವ ದ್ರಾವಣ ನಾಲ್ಕು ಬಾಟಲಿ. ಮೂರು ತೆಗೆದುಕೊಂಡರೆ ಅರ್ಧ ಬೆಲೆ ಎಂದು ಯಾರೂ ತಿನ್ನದ ಓಟ್ಸ್ ಮೂರು. ಹಣ ಕಟ್ಟಿ ಹೊರಬಂದಾಗ ಹಸಿವು. ಅಲ್ಲೇ ಮೇಲ್ಮಹಡಿಯಲ್ಲಿ ಪಿಜ್ಜಾ. ಅದು ಮನರಂಜನೆ. ಮನೆಗೆ ಬಂದು ಬೇಳೆ ಒಂದನ್ನೇ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ ಕೆಜಿಗೆ 4 ರೂಪಾಯಿಯಂತೆ ಎರಡು ಕೆಜಿಗೆ 8 ರೂಪಾಯಿ ಉಳಿತಾಯ. ರಾತ್ರಿ ಅಪ್ಪನ ಊರಿನ ವಾಟ್ಸಾಪ್ ಗುಂಪಿಗೆ ಅದರ ಸುದ್ದಿ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕಲೆ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುವ ಆ್ಯಪುಗಳದ್ದು. ಬೇಕಾಗಿದ್ದು ಒಂದು ಕಟ್ಟು ಮೆಂತ್ಯ ಸೊಪ್ಪು. ಬುಟ್ಟಿಗೆ ಹಾಕಿದ ಕೂಡಲೇ, ಇನ್ನು ನೂರೈವತ್ತು ರೂಪಾಯಿ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ ಎಂದು ಹಸಿರು ಗೆರೆಯೊಂದು ಆಸೆ ತೋರಿಸುತ್ತದೆ. 30 ರೂಪಾಯಿ ಡೆಲಿವರಿ ಶುಲ್ಕ ಉಳಿಸಲು 160 ರೂಪಾಯಿಯ ಐಸ್‌ಕ್ರೀಮು ಬಂದು ಬುಟ್ಟಿ ಸೇರುತ್ತದೆ. ಕೊನೆಗೆ ಬಣ್ಣದ ಕಾಗದದ ಚೂರುಗಳು ಪರದೆಯ ಮೇಲೆಲ್ಲ ಉದುರಿ, ನೀವು ಇವತ್ತು ಇಷ್ಟು ಉಳಿಸಿದ್ದೀರಿ ಎಂಬ ಅಭಿನಂದನೆ. ಖರ್ಚು ಮಾಡಿದವನಿಗೆ ಉಳಿತಾಯದ ಸನ್ಮಾನ ಮಾಡುವ ಈ ಪದ್ಧತಿಯನ್ನು ಕಂಡುಹಿಡಿದವರಿಗೆ ಅರ್ಥಶಾಸ್ತ್ರದ ನೊಬೆಲ್ ಕೊಡದಿದ್ದರೂ ರಾಜ್ಯೋತ್ಸವ ಪ್ರಶಸ್ತಿಯನ್ನಾದರೂ ಕೊಡಬಹುದು. ಪಟ್ಟಿಯಲ್ಲಿ ಇನ್ನೊಬ್ಬರು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬೆಳಿಗ್ಗೆ ಸೊಪ್ಪಿನ ಅಜ್ಜಿ ತಲೆ ಮೇಲೆ ಬುಟ್ಟಿ ಹೊತ್ತು ಬರುತ್ತಾಳೆ. ಯಜಮಾನರೊಳಗಿನ ಸರದಾರ ಎದ್ದು ಕೂರುವುದೇ ಆಗ. "ಇಪ್ಪತ್ತಾ? ಏನಜ್ಜಿ, ಕಟ್ಟು ನೋಡು ಹೆಂಗಿದೆ, ಎರಡಕ್ಕೆ ಇಪ್ಪತ್ತೈದು ಮಾಡು." ಅಜ್ಜಿ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಬಂದ ಬಸ್ಸಿನ ಲೆಕ್ಕ ಹೇಳುತ್ತಾಳೆ, ಇವರು ಕೊಸರು ಕೇಳುತ್ತಾರೆ. ಗೃಹಸಾಲಕ್ಕೆ ಸಹಿ ಹಾಕಿದ ದಿನ ಇದೇ ಯಜಮಾನರು ಪ್ರೊಸೆಸಿಂಗ್ ಶುಲ್ಕ, ಲೀಗಲ್ ಶುಲ್ಕ, ಸಾಲದ ಜೊತೆ ಗಂಟುಹಾಕಿದ ವಿಮೆ ಎಲ್ಲಕ್ಕೂ ತೋರಿಸಿದ ಜಾಗದಲ್ಲೆಲ್ಲ, ಓದದೆ, ನಲವತ್ತು ಸಹಿ ಹಾಕಿ, ಎಸಿ ತಂಪಾಗಿದೆ ಎಂದು ಹೊಗಳಿ ಬಂದಿದ್ದರು. ಅಲ್ಲಿ ಕೊಸರು ಕೇಳಬಹುದೆಂದು ಹೊಳೆಯಲೇ ಇಲ್ಲ. ಟೈ ಕಟ್ಟಿದವರ ಹತ್ತಿರ ಚೌಕಾಸಿ ಮಾಡುವುದು ಸಭ್ಯತೆ ಅಲ್ಲ.

ಈಗ ಕೊಂಚ ಗಣಿತ. ನೀರಸ ಅನ್ನಿಸಿದರೆ ಒಂದು ಪ್ಯಾರಾ ಹಾರಿಸಿ. ಬ್ಯಾಂಕಿನ ಕಾಗದದಲ್ಲೂ ನೀವು ಹಾರಿಸಿದ್ದು ಇದನ್ನೇ.

50 ಲಕ್ಷ ಸಾಲ, 20 ವರ್ಷ, ಶೇ. 8.5 ಬಡ್ಡಿ. ತಿಂಗಳ ಕಂತು 43,391 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೆ ಹೋಗುವುದು 35,417. ಅಸಲಿನಿಂದ ಕಳೆಯುವುದು 7,974. ಅಂದರೆ ಸಾಲ ತೆಗೆದುಕೊಂಡ ಹೊಸದರಲ್ಲಿ ಮನೆಯ ಬಡ್ಡಿಯೊಂದೇ ದಿನಕ್ಕೆ 1,100 ರೂಪಾಯಿಯ ಮೇಲೆ ತಿನ್ನುತ್ತದೆ, ಭಾನುವಾರವೂ ಏಕಾದಶಿಯೂ ಬಿಡದೆ. ಇಡೀ ಸಂಸಾರ ಮೂರು ಹೊತ್ತು ತಿಂದರೂ ಅದರ ಮೂರನೇ ಒಂದು ಭಾಗ ಮುಟ್ಟುವುದಿಲ್ಲ. ಆದರೂ ಮನೆಯಲ್ಲಿ ತಿಂಡಿಪೋತ ಅಂತ ಬೈಸಿಕೊಳ್ಳುವುದು ಒಂಬತ್ತನೇ ಕ್ಲಾಸಿನ ಹುಡುಗ.

2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಅದಕ್ಕೆ ಮೊದಲು ಶೇ. 7ರಲ್ಲಿ ಇಷ್ಟೇ ಸಾಲ ಮಾಡಿದವರ ಕಂತು 38,765. ಬಡ್ಡಿ ದರ 9.5 ಆದಾಗ ತಿಂಗಳ ಬಡ್ಡಿಯೇ 39,000 ದಾಟಿತು. ಕಂತು ಪೂರ್ತಿ ಕಟ್ಟಿದರೂ ಬಡ್ಡಿಗೇ ಸಾಲದು, ಕಟ್ಟಿದಷ್ಟೂ ಸಾಲ ಬೆಳೆಯುವ ಸ್ಥಿತಿ. ಬ್ಯಾಂಕು ಆಗ ಕಂತು ಏರಿಸುವ ಬದಲು ಅವಧಿಯನ್ನು ಸುಮ್ಮನೆ ಉದ್ದ ಮಾಡಿ ಎಷ್ಟೋ ಜನರ ಸಾಲವನ್ನು ನಿವೃತ್ತಿಯಾಚೆಗೆ ತಳ್ಳಿತು. ಆ ಸಂಜೆ ಯಜಮಾನರು ಮಾಡಿದ ಕೆಲಸ ಹಾಲಿನವನಿಗೆ ಅರ್ಧ ಲೀಟರ್ ಕಮ್ಮಿ ಹಾಕಲು ಹೇಳಿದ್ದು.

ಯೂಟ್ಯೂಬಿನ ಹಣಕಾಸು ಗುರುಗಳು ಹೇಳುವ ಮಾತಲ್ಲಿ ತಪ್ಪಿಲ್ಲ, ಅದನ್ನೂ ಹೇಳಿಬಿಡಬೇಕು. ಮೊದಲ ತಿಂಗಳಿಂದಲೇ ಕಂತಿನ ಮೇಲೆ 3,000 ರೂಪಾಯಿ ಹೆಚ್ಚಿಗೆ ಅಸಲಿಗೆ ಕಟ್ಟಿದರೆ ಆ 20 ವರ್ಷದ ಸಾಲ ಹೆಚ್ಚುಕಮ್ಮಿ ಮೂರು ವರ್ಷ ಮೊದಲೇ ಮುಗಿಯುತ್ತದೆ. ಸಣ್ಣ ಮಾತಲ್ಲ. ಆದರೆ ಅಡುಗೆಮನೆಯಿಂದ ಕಿತ್ತ 3,000 ಅಸಲಿಗೆ ಹೋಗಬೇಕಲ್ಲ. ಅದು ಉಳಿತಾಯ ಖಾತೆಯಲ್ಲಿ ಹದಿನೈದು ದಿನ ಮಲಗಿದ್ದು, ಹಬ್ಬದ ಸೇಲ್ ಬಂದ ಕೂಡಲೇ ಬ್ಲೂಟೂತ್ ಸ್ಪೀಕರ್ ಆಗಿ ಹಾಲ್‌ಗೆ ವಾಪಸ್ ಬರುತ್ತದೆ. ಇನ್ನು ಕ್ರೆಡಿಟ್ ಕಾರ್ಡ್ ಬಾಕಿ ಇರುವ ಮನೆಯಲ್ಲಿ ಅಷ್ಟೂ ಸಾಹಸ ಬೇಡ. ತಿಂಗಳಿಗೆ ಶೇ. 3.5ರಂತೆ ಒಂದು ಲಕ್ಷ ಬಾಕಿಗೆ ಬಡ್ಡಿ 3,500, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಅಂದರೆ ಇನ್ನೊಂದು 630. ಚೀಟಿ ಅಂಟಿಸಿದ ಬೇಳೆಗೆ ಶೇ. 5, ಬಡ್ಡಿಗೆ 18. ಸರ್ಕಾರಕ್ಕೆ ಐಷಾರಾಮ ಯಾವುದು ಅಂತ ಗೊತ್ತಿದೆ. ಮನೆಯಾಕೆ ತಿಂಗಳಿಡೀ ಹುಣಸೆಹಣ್ಣು ಹಿಂಡಿ ಹಿಂಡಿ ಉಳಿಸಿದ 3,000 ಆ ಬಡ್ಡಿಯ ಬಾಗಿಲಿಗೂ ಮುಟ್ಟುವುದಿಲ್ಲ. ಯಜಮಾನರು 'ಮಿನಿಮಮ್ ಡ್ಯೂ' ಕಟ್ಟಿ ನಿರಾಳವಾಗುತ್ತಾರೆ. ಆ ಎರಡು ಶಬ್ದಗಳನ್ನು ಅವರು ಓದುವುದೇ 'ಇಷ್ಟು ಸಾಕು' ಅಂತ.

ಸೋಫಾ, ಟಿವಿ, ಫೋನು ಬಂದ ನೋ-ಕಾಸ್ಟ್ ಇಎಂಐ ಬಗ್ಗೆ ಯಜಮಾನರಿಗೆ ಅಪಾರ ನಂಬಿಕೆ. ಶೂನ್ಯ ಬಡ್ಡಿ ಅಂತ ಒಂದು ಇರಲು ಸಾಧ್ಯವೇ ಇಲ್ಲ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಹೇಳಿತ್ತು. ಅಂಗಡಿಯವನು ನಗದಿಗೆ ಬಿಡಬಹುದಾಗಿದ್ದ ರಿಯಾಯಿತಿ ಬಡ್ಡಿಯ ವೇಷ ಹಾಕಿ ಬ್ಯಾಂಕಿಗೆ ಹೋಗುತ್ತದೆ. ವೇಷ ಚೆನ್ನಾಗಿದ್ದರೆ ನಮ್ಮವರು ಪಾತ್ರಧಾರಿ ಯಾರೆಂದು ಕೇಳುವುದಿಲ್ಲ.

ಇವೆಲ್ಲಕ್ಕೂ ಕಿರೀಟ ಇಟ್ಟದ್ದು 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅವತ್ತು ಜಿಎಸ್‌ಟಿ ಇಳಿಯಿತು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಶಾಂಪೂ, ಸೋಪು, ಟೂತ್‌ಪೇಸ್ಟು 18ರಿಂದ 5ಕ್ಕೆ. ಬಿಡಿ ತೊಗರಿಬೇಳೆಗೆ ಮೊದಲೇ ತೆರಿಗೆ ಇರಲಿಲ್ಲ, ಹಾಗಾಗಿ ಇಳಿಸಿ ಪುಣ್ಯ ಕಟ್ಟಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಅದೇ ದಿನ ಸಣ್ಣ ಕಾರು, ದೊಡ್ಡ ಟಿವಿ ಎರಡೂ 28ರಿಂದ 18ಕ್ಕೆ ಇಳಿದವು. 200 ರೂಪಾಯಿ ಶಾಂಪೂ ಬಾಟಲಿಯಲ್ಲಿ 22 ರೂಪಾಯಿ ಉಳಿಯಿತು ಎಂದು ಮನೆಯಾಕೆ ಲೆಕ್ಕ ಹಾಕುತ್ತಿರುವಾಗ ಯಜಮಾನರು ಶೋರೂಮಿನಿಂದ ಫೋನ್ ಮಾಡಿದರು: "ನೋಡೇ, ತೆರಿಗೆ ಇಳಿದಿದೆ, ಈಗ ತಗೊಳ್ಳದಿದ್ರೆ ನಷ್ಟ." ನಷ್ಟ ತಪ್ಪಿಸಲು 7 ಲಕ್ಷದ ಸಾಲ, 7 ವರ್ಷ, ಶೇ. 9ಕ್ಕೆ, ತಿಂಗಳಿಗೆ 11,262. ಅಂದರೆ ತಿಂಗಳಿಗೆ ಐನೂರು ಬಾಟಲಿಗೂ ಮೇಲೆ ಶಾಂಪೂ ಕೊಂಡರೆ ಕಾರಿನ ಕಂತು ಆ ಉಳಿತಾಯದಲ್ಲೇ ತೀರಿಹೋಗುತ್ತದೆ. ಯಜಮಾನರ ತಲೆಯಲ್ಲಿ ಉಳಿದಿರುವ ಕೂದಲಿಗೆ ಅಷ್ಟು ಬೇಕಾಗಲಿಕ್ಕಿಲ್ಲ.

ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕು ಎಂದರೆಂದು ಚಾರ್ವಾಕರನ್ನು ಶತಮಾನಗಳಿಂದ ಬೈದಿದ್ದೇವೆ. ಪಾಪ, ಅವರ ಸಾಲ ಹೊಟ್ಟೆಗಾದರೂ ಹೋಗುತ್ತಿತ್ತು. ನಮ್ಮ ಯಜಮಾನರು ಸಾಲ ಮಾಡುವುದು ನಾಲ್ಕು ಚಕ್ರದ ಮೇಲೆ. ತುಪ್ಪ ನಿಲ್ಲಿಸುವುದು ಅದನ್ನು ತೀರಿಸಲು. ಹೀಗೆ ತಿರುಗುಮುರುಗಾಗಿಯೂ ನಾವು ಆಸ್ತಿಕರು, ಅವರು ಭೋಗವಾದಿಗಳು.

ತ್ಯಾಗದ ಮಾತು ಬಂದಾಗ ಯಜಮಾನರ ಬಾಯಲ್ಲಿ ತಪ್ಪದೆ ಬರುವ ಹೆಸರು ಲಾಲ್ ಬಹಾದೂರ್ ಶಾಸ್ತ್ರಿ. 1965ರಲ್ಲಿ ದೇಶಕ್ಕೆ ಆಹಾರ ಕಮ್ಮಿ ಬಿದ್ದಾಗ ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಅವರು ಕರೆಕೊಟ್ಟಿದ್ದು, ಸೋಮವಾರ ರಾತ್ರಿ ಹೋಟೆಲುಗಳೂ ಬಾಗಿಲು ಹಾಕಿದ್ದು ನಿಜ. ಆದರೆ ಜನಕ್ಕೆ ಹೇಳುವ ಮೊದಲು ಅವರು ತಮ್ಮ ಮನೆಯಲ್ಲಿ, ತಾವೂ ಸೇರಿ, ಉಪವಾಸ ಇದ್ದು ನೋಡಿದ್ದರು ಎಂಬ ಭಾಗ ಯಜಮಾನರ ನೆನಪಿನಲ್ಲಿಲ್ಲ. ಶಾಸ್ತ್ರಿಯವರಿಗೂ ಒಂದು ಕಾರಿನ ಸಾಲ ಇತ್ತು. ಪ್ರಧಾನಿಯಾಗಿದ್ದಾಗ ಫಿಯಟ್ ಕೊಳ್ಳಲು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಪಡೆದಿದ್ದರು. ಸಾಲ ತೀರುವ ಮುಂಚೆಯೇ ತಾಷ್ಕೆಂಟಿನಲ್ಲಿ ತೀರಿಕೊಂಡರು. ಕಟ್ಟಿ ಮುಗಿಸಿದ್ದು ಲಲಿತಾ ಶಾಸ್ತ್ರಿ, ಪಿಂಚಣಿ ಹಣದಲ್ಲಿ. ಈ ಕತೆಯನ್ನು ಪ್ರಾಮಾಣಿಕತೆಗೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ, ಸರಿಯೇ. ನನಗೆ ಮಾತ್ರ ಕೇಳಿದಾಗಲೆಲ್ಲ ಆ ಪಿಂಚಣಿಯಲ್ಲಿ ದಿನಸಿಗೆ ಎಷ್ಟು ಉಳಿಯುತ್ತಿತ್ತೋ ಎಂದು ಅನ್ನಿಸುತ್ತದೆ.

ಅರ್ಥಶಾಸ್ತ್ರಜ್ಞರು ಮಾತ್ರ ಯಜಮಾನರ ಪರ. 1857ರಲ್ಲಿ ಎರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ (ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಅಲ್ಲ, ಇವನಿಗೆ ಕೊನೆಯ 'ಸ್' ಇಲ್ಲ, ಕ್ರಾಂತಿಯೂ ಇಲ್ಲ) ಒಂದು ನಿಯಮ ಹೇಳಿದ: ಸಂಸಾರದ ಆದಾಯ ಏರಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ. ಕೇಂದ್ರ ಸರ್ಕಾರದ 2022-23ರ ಗೃಹಬಳಕೆ ಸಮೀಕ್ಷೆಯಲ್ಲಿ ನಗರದವರ ಖರ್ಚಿನಲ್ಲಿ ಆಹಾರದ ಪಾಲು ಶೇ. 39ರ ಆಸುಪಾಸಿಗೆ, ಹಳ್ಳಿಯವರದ್ದು 46ಕ್ಕೆ ಇಳಿದದ್ದು ಕಂಡಾಗ ಟಿವಿಯಲ್ಲಿ ಚಪ್ಪಾಳೆ ಬಿತ್ತು, ದೇಶ ಸಿರಿವಂತವಾಗುತ್ತಿದೆ ಅಂತ. ಆಗುತ್ತಿರಬಹುದು. ಆದರೆ ಊಟದ ಪಾಲು ಇಳಿಯಲು ಎರಡು ದಾರಿ: ಸಂಬಳ ಏರಿಸುವುದು ಒಂದು, ಬೇಳೆ ಇಳಿಸುವುದು ಇನ್ನೊಂದು. ಎಂಗೆಲ್‌ನ ಗೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಯಜಮಾನರು ಈ ಲೆಕ್ಕದಲ್ಲಿ ಪ್ರತಿ ತಿಂಗಳೂ ಶ್ರೀಮಂತರಾಗುತ್ತಿದ್ದಾರೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಓದಲಿಲ್ಲ. ನಗರದ ಮನೆಯ ಒಟ್ಟು ಖರ್ಚಿನಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯದ ಪಾಲು ಶೇ. 3.64. ಪಾನೀಯ, ಹೋಟೆಲು, ಪ್ಯಾಕೆಟ್ ತಿಂಡಿಗಳ ಪಾಲು ಶೇ. 10.64. ಅಂದರೆ ಕತ್ತರಿ ಆಡಿಸಬೇಕಾದ ಜಾಗ ಒಲೆಯ ಹತ್ತಿರ ಇಲ್ಲ, ಹೊರಗಿದೆ. ಆದರೆ ಹೊರಗೆ ತಿನ್ನುವುದು ಯಾರು? ಗೊಡ್ಡು ಸಾರು ಬೇಜಾರಾಗಿ ಶುಕ್ರವಾರ ಆಫೀಸಿನಿಂದ ಬರುತ್ತಾ ಬಿರಿಯಾನಿ ತಿಂದು, ಮನೆಯಲ್ಲಿ 'ಇವತ್ತು ಹಸಿವಿಲ್ಲ ಕಣೇ, ನನ್ನ ಪಾಲಿನ ಅಕ್ಕಿ ಉಳೀತು' ಎಂದು ಕೃತಜ್ಞತೆ ನಿರೀಕ್ಷಿಸುವವರು ಯಾರು?

ಆರು ಸಾವಿರದೊಳಗೆ ತಿಂಗಳು ಮುಗಿಸುವಾಗ ಕಮ್ಮಿಯಾಗುವ ಅನ್ನ ಎಲ್ಲರ ತಟ್ಟೆಯಿಂದಲೂ ಸಮಾನವಾಗಿ ಕಮ್ಮಿಯಾಗುವುದಿಲ್ಲ. ಮಕ್ಕಳ ಮೊಟ್ಟೆ ಮುಟ್ಟುವಂತಿಲ್ಲ, ಅತ್ತೆಯವರ ರಾತ್ರಿ ಹಾಲು ನಿಲ್ಲಿಸುವಂತಿಲ್ಲ, ಯಜಮಾನರ ಡಬ್ಬಿ ಆಫೀಸಿನಲ್ಲಿ ನಾಲ್ಕು ಜನರ ಮುಂದೆ ತೆರೆಯುತ್ತದೆ. ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳ ನೋಡುವ ಒಬ್ಬಳು ಉಳಿಯುತ್ತಾಳೆ. ಕತ್ತರಿ ಬಂದು ನಿಲ್ಲುವುದು ಅಲ್ಲಿ. ಆಕೆಯೂ ದುಡಿಯುತ್ತಾಳೆ, ಆಕೆಯ ಸಂಬಳವೂ ಕಂತಿಗೇ ಹೋಗುತ್ತದೆ, ಸಾಲದ ಅರ್ಜಿಯಲ್ಲಿ ಸಹ-ಅರ್ಜಿದಾರಳೆಂದು ಸಹಿಯೂ ಇದೆ. ಸೋಫಾದ ಬಣ್ಣ ಆರಿಸುವಾಗ ಮಾತ್ರ ಆಕೆಯನ್ನು ಕೇಳಿದ್ದರು, ಕೊನೆಗೆ ಬೂದು ಬಣ್ಣದ್ದೇ ಬಂತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಸಾಲ ಇಲ್ಲದ ಮನೆಗಳೂ ಅದರಲ್ಲಿ ಸೇರಿವೆ ಎಂದು ಯಜಮಾನರು ಆಕ್ಷೇಪ ಎತ್ತಬಹುದು. ಎತ್ತಲಿ. ರಕ್ತಕ್ಕೂ ಒಂದು ಮಿನಿಮಮ್ ಡ್ಯೂ ಇದೆ, ಆ ಬಾಕಿಯ ಸಂದೇಶ ಯಾರ ಫೋನಿಗೂ ಬರುವುದಿಲ್ಲ ಎಂಬುದಷ್ಟೇ ಸಮಸ್ಯೆ.

ಹಳ್ಳಿಗಳಲ್ಲಿ ಇದೇ ನಾಟಕ ನಡೆಯುವಾಗ ನಗಲು ಅಷ್ಟು ಜಾಗ ಇರುವುದಿಲ್ಲ. ಅಲ್ಲಿ ಮೈಕ್ರೋಫೈನಾನ್ಸಿನ ಕಂತು ವಾರಕ್ಕೊಮ್ಮೆ, ಸಾಲ ಹೆಂಗಸಿನ ಹೆಸರಿಗೆ, ಜಾಮೀನು ಗುಂಪಿನ ಇತರ ಹೆಂಗಸರು. ಕತ್ತರಿಸಲು ಕೊತ್ತಂಬರಿ ಸೊಪ್ಪಿರುವುದಿಲ್ಲ, ನೇರವಾಗಿ ಹೊತ್ತೇ ಕತ್ತರಿಸಬೇಕು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವ ಮುಂಚೆಯೇ ಕಂತಿನ ಚೀಲ ಸೇರುತ್ತದೆ. ವಸೂಲಿಯವರ ಕಾಟಕ್ಕೆ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಸಾಲುಸಾಲಾಗಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅಷ್ಟಾದರೂ ಈ ಹೆಂಗಸರ ಮರುಪಾವತಿಯ ಶಿಸ್ತನ್ನು ಹಣಕಾಸು ಸಭೆಗಳಲ್ಲಿ ಹೊಗಳುವವರಿಗೆ ಬರ ಇಲ್ಲ. ಶಿಸ್ತಿಗೆ ಸಿಗುವ ಬಹುಮಾನ ಏನು ಗೊತ್ತೇ? ಇನ್ನೂ ದೊಡ್ಡ ಸಾಲ.

ಬಹುಮಾನದ ವಿಷಯದಲ್ಲಿ ನಗರಕ್ಕೂ ಹಳ್ಳಿಗೂ ತಾರತಮ್ಯ ಮಾಡಿಲ್ಲ. ಹನ್ನೊಂದು ತಿಂಗಳು ಒಂದೂ ಕಂತು ತಪ್ಪದೆ ಹೋದ ಮೇಲೆ ಯಜಮಾನರ ಸಿಬಿಲ್ 790 ಮುಟ್ಟಿತು. ಬ್ಯಾಂಕಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿ, "ಸರ್, ನಿಮ್ಮ ಟ್ರ್ಯಾಕ್ ರೆಕಾರ್ಡ್ ತುಂಬಾ ಚೆನ್ನಾಗಿದೆ, ನಿಮಗೆ ನಾಲ್ಕು ಲಕ್ಷ ಟಾಪ್-ಅಪ್ ಲೋನ್ ರೆಡಿ ಇದೆ, ಯಾವ ಡಾಕ್ಯುಮೆಂಟೂ ಬೇಡ" ಎಂದಳು. ಇಷ್ಟು ಮರ್ಯಾದೆಯಾಗಿ ಅವರನ್ನು ಮಾತಾಡಿಸಿದವರು ಇತ್ತೀಚೆಗೆ ಯಾರೂ ಇರಲಿಲ್ಲ. ಫೋನಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನೇ, ಈ ಅಡುಗೆಮನೆ ಹಳೇದಾಯ್ತು ಅಂತ ನೀನೇ ಹೇಳ್ತಿದ್ದೆ ಅಲ್ವಾ? ಮಾಡ್ಯುಲರ್ ಮಾಡಿಸಿಬಿಡೋಣ. ಚಿಮಣಿ, ಮೆತ್ತಗೆ ಮುಚ್ಚಿಕೊಳ್ಳೋ ಡ್ರಾಯರ್‌ಗಳು. ಬೇಳೆಕಾಳಿಗೇ ಅಂತ ಎತ್ತರದ ಯೂನಿಟ್ ಬರುತ್ತಂತೆ, ಎಳೆದ್ರೆ ಪೂರ್ತಿ ಆಚೆ ಬರುತ್ತೆ."

ಆಕೆ ಒಲೆ ಸಣ್ಣ ಮಾಡಿದಳು. "ಅದರೊಳಗೆ ಏನಿಡೋದು ರೀ?"

"ಸದ್ಯಕ್ಕೆ ಆ ಓಟ್ಸ್ ಇದೆಯಲ್ಲ, ಅದಿಡು," ಎಂದು ಹೇಳಿ ಯಜಮಾನರು ಟೇಪ್ ಹುಡುಕಿಕೊಂಡು ಗೋಡೆ ಅಳೆಯತೊಡಗಿದರು.